ಬಾಲದ ಮೇಲೊಂದು ಹೆಸರು, ಪರವಾನಗಿಯ ಮೇಲೊಂದು ಹೆಸರು

ಮೆಟ್ರೊ ಇಳಿದು ಬಿಎಂಟಿಸಿಯ ಎಲೆಕ್ಟ್ರಿಕ್ ಫೀಡರ್ ಬಸ್ ಹತ್ತಿದವರಿಗೆ ಈ ಲೇಖನದ ಅರ್ಧ ವಿಷಯ ಆಗಲೇ ಗೊತ್ತಿದೆ. ಬಸ್ಸಿನ ಮೈಮೇಲೆ ಬಿಎಂಟಿಸಿ ಎಂದು ಬರೆದಿದೆ, ಟಿಕೆಟ್ ಹರಿಯುವ ಕಂಡಕ್ಟರ್ ಬಿಎಂಟಿಸಿಯವರು, ಪಾಸೂ ನಡೆಯುತ್ತದೆ. ಆದರೆ ಬಸ್ಸಿನ ಮಾಲೀಕ ಒಂದು ಖಾಸಗಿ ಕಂಪನಿ. ಸ್ಟಿಯರಿಂಗ್ ಹಿಡಿದವರು ಆ ಕಂಪನಿಯ ನೌಕರರು. ಕಿಲೋಮೀಟರಿಗೆ ಇಷ್ಟು ಎಂದು ಬಿಎಂಟಿಸಿ ಎಣಿಸಿ ಕೊಡುತ್ತದೆ. ಬಸ್ ತುಂಬಿದರೂ ಅಷ್ಟೇ, ಖಾಲಿ ಓಡಿದರೂ ಅಷ್ಟೇ. ಚಾಲಕರ ಸಂಬಳದ ತಕರಾರೆದ್ದು ಬಸ್ ನಿಂತ ದಿನ ಬೈಗುಳ ಮಾತ್ರ ಬಿಎಂಟಿಸಿಯ ಪಾಲಿಗೆ.

ಅಮೆರಿಕದ ಸಣ್ಣ ಊರುಗಳ ವಿಮಾನಯಾನ ನಡೆಯುತ್ತಿರುವುದು ಬಹುಮಟ್ಟಿಗೆ ಇದೇ ಕರಾರಿನ ಮೇಲೆ. ನಮ್ಮಲ್ಲಿ ಅದು ಹೆಚ್ಚುಕಡಿಮೆ ಇಲ್ಲವೇ ಇಲ್ಲ. ಬೀದರಿಗೋ ತೋರಣಗಲ್ಲಿಗೋ ಬೆಂಗಳೂರಿನಿಂದ ವಿಮಾನ ಶುರುವಾದಾಗ ರಿಬ್ಬನ್ ಕತ್ತರಿಸಿ, ಕೆಲವು ವರ್ಷಗಳಲ್ಲಿ ಸದ್ದಿಲ್ಲದೆ ವೇಳಾಪಟ್ಟಿಯಿಂದ ಕೈಬಿಡುವುದನ್ನು ನಾವು ನೋಡುತ್ತಲೇ ಇದ್ದೇವೆ. ಅದಕ್ಕೆ ಊರಿನಲ್ಲಿ ಜನ ಇಲ್ಲ, ದುಡ್ಡಿಲ್ಲ ಎನ್ನುವ ವಿವರಣೆ ಅರ್ಧ ಸತ್ಯ. ಖಾಲಿ ಸೀಟಿನ ನಷ್ಟವನ್ನು ಯಾರು ಹೊರಬೇಕು ಎನ್ನುವ ಪ್ರಶ್ನೆಗೆ ನಾವು ಕೊಟ್ಟುಕೊಂಡ ಉತ್ತರವೇ ಮೂರು ವರ್ಷದ ಆಯುಸ್ಸಿನದು.

ಮೊದಲು ಅಮೆರಿಕದ ಏರ್ಪಾಡು. ಅಲ್ಲಿನ ಮೂರು ದೊಡ್ಡ ಸಂಸ್ಥೆಗಳು ಚಿಕ್ಕ ಊರುಗಳಿಗೆ ಹಾರುವುದು ಅಮೆರಿಕನ್ ಈಗಲ್, ಡೆಲ್ಟಾ ಕನೆಕ್ಷನ್, ಯುನೈಟೆಡ್ ಎಕ್ಸ್‌ಪ್ರೆಸ್ ಎಂಬ ಹೆಸರುಗಳಲ್ಲಿ. ಇವು ಬರೀ ಬಣ್ಣದ ಹೆಸರುಗಳು. ಹಾರಿಸುವವರು ಸ್ಕೈವೆಸ್ಟ್, ರಿಪಬ್ಲಿಕ್, ಎನ್ವಾಯ್, ಪಿಎಸ್‌ಎ, ಪೀಡ್‌ಮಾಂಟ್, ಎಂಡೆವರ್ ಮುಂತಾದ ಬೇರೆ ಕಂಪನಿಗಳು. ಇವುಗಳಲ್ಲಿ ಕೆಲವನ್ನು ದೊಡ್ಡ ಸಂಸ್ಥೆಯೇ ಸಾಕಿಕೊಂಡಿದೆ. ಸ್ಕೈವೆಸ್ಟ್‌ನಂಥವು ಸ್ವತಂತ್ರ, ಒಂದೇ ಹೊತ್ತಿನಲ್ಲಿ ಹಲವು ಯಜಮಾನರಿಗೆ ದುಡಿಯುತ್ತವೆ. ಟಿಕೆಟ್ಟಿನಲ್ಲಿ, ವಿಮಾನದ ಬಾಲದಲ್ಲಿ, ಗಗನಸಖಿಯ ಪ್ರಕಟಣೆಯಲ್ಲಿ ಇರುವುದು ಅಮೆರಿಕನ್ ಏರ್‌ಲೈನ್ಸ್. ಅದೇ ವಿಮಾನ ಪಿಎಸ್‌ಎಯದ್ದಾಗಿದ್ದರೆ ನಿಯಂತ್ರಣ ಗೋಪುರಕ್ಕೆ ರೇಡಿಯೊದಲ್ಲಿ ಕೇಳಿಸುವ ಹೆಸರು 'ಬ್ಲೂಸ್ಟ್ರೀಕ್'. ಅಸಲು ಯಾರು ಹಾರಿಸುತ್ತಿದ್ದಾರೆ ಎನ್ನುವುದು ಪ್ರಯಾಣಿಕನಿಗಿಂತ ಮೊದಲು ಗೋಪುರದವರಿಗೆ ಗೊತ್ತಿರುತ್ತದೆ.

ಕರಾರಿನ ಹೆಸರು ಕೆಪಾಸಿಟಿ ಪರ್ಚೇಸ್. ಸೀಟಿನ ಸಾಮರ್ಥ್ಯವನ್ನೇ ಸಗಟಾಗಿ ಕೊಳ್ಳುವುದು ಎಂದರ್ಥ. ವೇಳಾಪಟ್ಟಿ, ದರ, ಮಾರಾಟ ಎಲ್ಲವೂ ದೊಡ್ಡವನ ಕೈಯಲ್ಲಿ. ಟಿಕೆಟ್ ದುಡ್ಡು ಪೂರ್ತಿ ಅವನ ಗಲ್ಲಾಪೆಟ್ಟಿಗೆಗೆ. ಸಣ್ಣ ಸಂಸ್ಥೆಗೆ ವಿಮಾನವೊಂದಕ್ಕೆ ತಿಂಗಳಿಗೆ ಇಷ್ಟು, ಹಾರಾಟವೊಂದಕ್ಕೆ ಇಷ್ಟು, ಬ್ಲಾಕ್ ಗಂಟೆಗೆ ಇಷ್ಟು ಎಂಬ ನಿಗದಿತ ಹಣ. ಬ್ಲಾಕ್ ಗಂಟೆ ಎಂದರೆ ವಿಮಾನ ಗೇಟು ಬಿಟ್ಟ ಕ್ಷಣದಿಂದ ಮುಂದಿನ ಗೇಟಿನಲ್ಲಿ ನಿಲ್ಲುವವರೆಗಿನ ಹೊತ್ತು, ರನ್‌ವೇಗಾಗಿ ಸಾಲಿನಲ್ಲಿ ಕಾದದ್ದೂ ಸೇರಿ. ಇಂಧನ ಮತ್ತು ಲ್ಯಾಂಡಿಂಗ್ ಶುಲ್ಕವನ್ನು ಸಾಮಾನ್ಯವಾಗಿ ದೊಡ್ಡವನೇ ತುಂಬುತ್ತಾನೆ ಅಥವಾ ಖರ್ಚಾದಷ್ಟನ್ನು ಹಿಂದಿರುಗಿಸುತ್ತಾನೆ. ಸಮಯಪಾಲನೆಗೆ, ರದ್ದು ಮಾಡದೆ ಹಾರಿಸಿದ್ದಕ್ಕೆ ಬೋನಸ್ಸು, ತಪ್ಪಿದರೆ ಕಡಿತ. ಒಟ್ಟಿನಲ್ಲಿ ಸೀಟು ಖಾಲಿ ಹೋಗುವ ಅಪಾಯ ದೊಡ್ಡವನದು, ಪೈಲಟ್ ಬಾರದೆ ವಿಮಾನ ನಿಲ್ಲುವ ಅಪಾಯ ಸಣ್ಣವನದು.

ಎರಡನೆಯ ಬಗೆ ಪ್ರೊರೇಟ್. ಒಂದೇ ಟಿಕೆಟ್ಟಿನ ಹಣವನ್ನು ಎರಡು ಸಂಸ್ಥೆಗಳು ಹಂಚಿಕೊಳ್ಳುವುದು. ಕೇಳಲು ನ್ಯಾಯವಾಗಿದೆ, ಲೆಕ್ಕಕ್ಕೆ ಕೂತರೆ ಬೇರೆಯದೇ ಕಾಣುತ್ತದೆ. ಹುಬ್ಬಳ್ಳಿಯಿಂದ ಬೆಂಗಳೂರಿನ ಮೂಲಕ ಸಿಂಗಪುರಕ್ಕೆ ₹16,000ದ ಟಿಕೆಟ್ ಎಂದುಕೊಳ್ಳೋಣ. ಆಕಾಶಮಾರ್ಗದಲ್ಲಿ ಹುಬ್ಬಳ್ಳಿ–ಬೆಂಗಳೂರು ಸುಮಾರು 370 ಕಿ.ಮೀ., ಬೆಂಗಳೂರು–ಸಿಂಗಪುರ ಸುಮಾರು 3,170 ಕಿ.ಮೀ. ಬರೀ ದೂರದ ಪ್ರಕಾರ ಹಂಚಿದರೆ ಮೊದಲ ತುಂಡಿಗೆ ಬರುವುದು ಹತ್ತೂವರೆ ಶೇಕಡಾ, ಅಂದರೆ ₹1,670ರ ಆಸುಪಾಸು. 70 ಸೀಟಿನ ಎಟಿಆರ್ ಎಂಬ ಪ್ರೊಪೆಲರ್ ವಿಮಾನ ಒಂದು ಸಲ ಹಾರಲು ₹1.75 ಲಕ್ಷ ಖರ್ಚು ಎಂದು ಊಹಿಸಿದರೆ (ಇದು ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿ) ಸೀಟೊಂದಕ್ಕೆ ₹2,500. ವಿಮಾನ ಪೂರ್ತಿ ತುಂಬಿದ್ದರೂ ಆ ಸಿಂಗಪುರದ ಪ್ರಯಾಣಿಕನಿಂದ ಸಣ್ಣ ಸಂಸ್ಥೆಗೆ ನಷ್ಟವೇ. ಕಾರಣ ಸರಳ: ವಿಮಾನದ ಖರ್ಚು ಕಿಲೋಮೀಟರಿಗೆ ಸಮನಾಗಿ ಹಂಚಿಕೊಂಡು ಕೂರುವುದಿಲ್ಲ. ಏರುವುದು, ಇಳಿಯುವುದು, ನಿಲ್ದಾಣದ ನೆಲದ ಕೆಲಸ, ಚಕ್ರ ಮತ್ತು ಬ್ರೇಕಿನ ಸವೆತ, ಇವು 300 ಕಿ.ಮೀ.ಗೂ 3,000 ಕಿ.ಮೀ.ಗೂ ಒಂದೊಂದೇ ಸಲ. ಅದಕ್ಕೇ ತಿಳಿದವರು ಬರೀ ಮೈಲಿ ಲೆಕ್ಕಕ್ಕೆ ಸಹಿ ಹಾಕುವುದಿಲ್ಲ. ಚಿಕ್ಕ ತುಂಡಿಗೆ ತೂಕ ಹೆಚ್ಚಿಸಿಯೋ, ಇಷ್ಟಕ್ಕಿಂತ ಕಡಿಮೆ ಆಗಕೂಡದು ಎಂದು ಕನಿಷ್ಠ ಮೊತ್ತ ಬರೆಸಿಕೊಂಡೋ ಹಂಚುತ್ತಾರೆ.

ಇದೇ ಪ್ರಯಾಣಿಕನನ್ನು ದೊಡ್ಡ ಸಂಸ್ಥೆಯ ಕಡೆಯಿಂದ ನೋಡಿ. ಎಟಿಆರ್‌ನಲ್ಲಿ 38 ಜನ ಕೂತಿದ್ದಾರೆ, ತಲೆಗೆ ₹3,500 ಎಂದಿಟ್ಟುಕೊಂಡರೆ ₹1.33 ಲಕ್ಷ ಬಂತು. ಖರ್ಚು ₹1.75 ಲಕ್ಷ. ₹42,000 ನಷ್ಟ. ಸ್ವತಂತ್ರ ಸಂಸ್ಥೆಯ ಕತೆ ಇಲ್ಲಿಗೆ ಮುಗಿಯಿತು. ಆದರೆ ಆ 38ರಲ್ಲಿ 15 ಮಂದಿ ಬೆಂಗಳೂರಿನಲ್ಲಿ ಇಳಿದು ದಿಲ್ಲಿಗೋ ದುಬೈಗೋ ಅದೇ ದೊಡ್ಡ ಸಂಸ್ಥೆಯ ವಿಮಾನ ಹತ್ತುತ್ತಾರೆ, ಒಬ್ಬೊಬ್ಬರು ಇನ್ನೂ ₹6,000 ಕೊಡುತ್ತಾರೆ ಎಂದರೆ ₹90,000 ಸೇರಿತು. ಆ ದೊಡ್ಡ ವಿಮಾನ ಹೇಗೂ ಹಾರುತ್ತಿತ್ತು. 15 ಖಾಲಿ ಸೀಟು ತುಂಬಿದ್ದಕ್ಕೆ ಹೆಚ್ಚುವರಿ ಖರ್ಚು ಅಲ್ಪ. ನಷ್ಟದ ಮಾರ್ಗ ಲಾಭಕ್ಕೆ ತಿರುಗಿದ್ದು ಮೊದಲ ತುಂಡಿನಲ್ಲಲ್ಲ, ಎರಡನೆಯದರಲ್ಲಿ. ಫೀಡರ್ ಎಂಬ ಪದದ ಜೀವ ಇರುವುದೇ ಇಲ್ಲಿ. ಎರಡೂ ತುಂಡಿನ ದುಡ್ಡು ಒಂದೇ ಜೇಬಿಗೆ ಬಿದ್ದರೆ ಮಾತ್ರ ಸಣ್ಣ ಊರಿನ ವಿಮಾನ ಉಳಿಯುತ್ತದೆ.

ಹಾಗಾದರೆ ದೊಡ್ಡ ಸಂಸ್ಥೆ ತಾನೇ ಹಾರಿಸಬಹುದಲ್ಲ? ಅಮೆರಿಕದಲ್ಲಿ ಅದಕ್ಕೆ ಉತ್ತರ ಪೈಲಟ್ ಸಂಘದ ಒಪ್ಪಂದದಲ್ಲಿದೆ. ದೊಡ್ಡ ಸಂಸ್ಥೆಯ ಪೈಲಟ್ಟಿಗೆ ಸಂಬಳ ಹೆಚ್ಚು, ಹೊರಗುತ್ತಿಗೆಯವನಿಗೆ ಕಡಿಮೆ. ಇದು ಹರಡಿ ತಮ್ಮ ಕೆಲಸವನ್ನೇ ನುಂಗದಿರಲೆಂದು ಸಂಘಗಳು ಗೆರೆ ಎಳೆದಿವೆ. ಸ್ಕೋಪ್ ಕ್ಲಾಜ್ ಎಂಬ ಆ ಗೆರೆಯ ಪ್ರಕಾರ ಹೊರಗುತ್ತಿಗೆಯ ವಿಮಾನದಲ್ಲಿ 76ಕ್ಕಿಂತ ಹೆಚ್ಚು ಸೀಟು ಇರಕೂಡದು, ಏರುವಾಗಿನ ಗರಿಷ್ಠ ತೂಕ 86,000 ಪೌಂಡು, ಅಂದರೆ ಸುಮಾರು 39 ಟನ್ ಮೀರಕೂಡದು. ಇಡೀ ಜಗತ್ತಿನ ಸಣ್ಣ ಜೆಟ್ ಉದ್ಯಮ ಈ ಎರಡು ಅಂಕಿಗಳಿಗೆ ತಲೆಬಾಗಿದೆ. ಎಂಬ್ರೇಯರ್ ಹೊಸ ಎಂಜಿನ್ ಹಾಕಿ ಮಾಡಿದ ಇ175-ಇ2 ಇಂಧನ ಉಳಿಸುತ್ತದೆ, ಆದರೆ ತೂಕ ಗೆರೆ ದಾಟಿತು. ಕೊಳ್ಳುವವರಿಲ್ಲದೆ ಯೋಜನೆ ಮೂಲೆ ಸೇರಿತು. ಜಪಾನಿನ ಮಿತ್ಸುಬಿಷಿ ವರ್ಷಗಟ್ಟಲೆ ದುಡ್ಡು ಸುರಿದ ಸ್ಪೇಸ್‌ಜೆಟ್‌ಗೂ ಈ ಗೆರೆ ಅಡ್ಡ ಬಂದ ಕಾರಣಗಳಲ್ಲೊಂದು. 2023ರಲ್ಲಿ ಅದನ್ನು ಕೈಬಿಟ್ಟರು. ಯುನೈಟೆಡ್‌ನ ಕೆಲವು ಫೀಡರ್ ವಿಮಾನಗಳಂತೂ 70 ಜನ ಹಿಡಿಸುವ ಸಿಆರ್‌ಜೆ-700ರ ಒಡಲಿನಲ್ಲಿ 50 ಸೀಟು ಮಾತ್ರ ಹಾಕಿಕೊಂಡು ಹಾರುತ್ತವೆ. ಅದಕ್ಕೆ ಸಿಆರ್‌ಜೆ-550 ಎಂಬ ಹೊಸ ನಾಮಕರಣ ಬೇರೆ.

ನಮ್ಮಲ್ಲೂ ಇಂಥದೇ ಗೆರೆ ಇದೆ, ಅಂಕಿಗಳೂ ಪಕ್ಕಪಕ್ಕದವೇ. ಎಳೆದವರು ಮಾತ್ರ ಸಂಘದವರಲ್ಲ, ತೆರಿಗೆಯವರು. 40,000 ಕೆ.ಜಿ.ಗಿಂತ ಕಡಿಮೆ ತೂಕದ ವಿಮಾನಕ್ಕೆ ತುಂಬುವ ಇಂಧನದ ಮೇಲೆ ರಾಜ್ಯಗಳ ಮಾರಾಟ ತೆರಿಗೆಗೆ ಕೇಂದ್ರದ ಕಾನೂನು ಕಡಿಮೆ ದರದ ಮಿತಿ ಹಾಕಿದೆ. 80ಕ್ಕಿಂತ ಕಡಿಮೆ ಸೀಟಿನ ದೇಶೀ ವಿಮಾನಗಳಿಗೆ ಲ್ಯಾಂಡಿಂಗ್ ಶುಲ್ಕದ ವಿನಾಯಿತಿ ಇದೆ. ಇಂಡಿಗೊದ ಎಟಿಆರ್ 72-600ರಲ್ಲಿ 78 ಸೀಟು, ಸ್ಟಾರ್ ಏರ್‌ನ ಎಂಬ್ರೇಯರ್ 175ರಲ್ಲಿ 76 ಸೀಟು ಇರುವುದನ್ನು ನೋಡುವಾಗ ಈ ಗೆರೆಯನ್ನೂ ನೆನಪಿಡಬೇಕು.

ಬೆಂಗಳೂರಿಗೆ ಈ ಆಟ ಹೊಸದಲ್ಲ. ಕ್ಯಾಪ್ಟನ್ ಗೋಪಿನಾಥ್ ಅವರ ಏರ್ ಡೆಕ್ಕನ್ 2003ರ ಆಗಸ್ಟ್‌ನಲ್ಲಿ ಎಟಿಆರ್ ಇಟ್ಟುಕೊಂಡು ಹುಬ್ಬಳ್ಳಿ ಕಡೆಗೆ ಹಾರಿದ್ದು ಎಚ್‌ಎಎಲ್ ನಿಲ್ದಾಣದಿಂದ. ಮುಂದೆ ಅದನ್ನು ಕೊಂಡ ಕಿಂಗ್‌ಫಿಶರ್ 2008ರಲ್ಲಿ ಆ ವಿಮಾನಗಳಿಗೆ ಕಿಂಗ್‌ಫಿಶರ್ ರೆಡ್ ಎಂದು ಬಳಿಯಿತು. ಇದರಲ್ಲೊಂದು ತಮಾಷೆಯಿದೆ. ವಿದೇಶಕ್ಕೆ ಹಾರಲು ಐದು ವರ್ಷದ ಅನುಭವ ಬೇಕೆಂಬ ನಿಯಮ ಆಗ ಇತ್ತು. ಆ ಅನುಭವ ಡೆಕ್ಕನ್ನಿಗಿತ್ತು, ಕಿಂಗ್‌ಫಿಶರ್‌ಗಿರಲಿಲ್ಲ. ಹಾಗಾಗಿ ಕಾಗದದಲ್ಲಿ ಕೊಂಡವನೇ ಕೊಂಡ ಕಂಪನಿಯೊಳಗೆ ವಿಲೀನವಾದ, ಆಮೇಲೆ ಆ ಕಂಪನಿಯ ಹೆಸರು ಬದಲಾಯಿತು. 2008ರ ಸೆಪ್ಟೆಂಬರ್‌ನಲ್ಲಿ ಬೆಂಗಳೂರಿನಿಂದ ಲಂಡನ್ನಿಗೆ ಹಾರಿದ ಕಿಂಗ್‌ಫಿಶರ್, ಪರವಾನಗಿಯ ಮಟ್ಟಿಗೆ, ಹುಬ್ಬಳ್ಳಿಗೆ ಹಾರಿದ್ದ ಡೆಕ್ಕನ್ನಿನ ಮುಂದುವರಿಕೆ.

ಇತ್ತೀಚಿನ ಉದಾಹರಣೆಯೂ ನಮ್ಮೂರಿನದೇ. 2014ರಲ್ಲಿ ಬೆಂಗಳೂರಿನಿಂದ ಹಾರಾಟ ಶುರು ಮಾಡಿದ ಏರ್‌ಏಷ್ಯಾ ಇಂಡಿಯಾ, ಟಾಟಾ ಗುಂಪಿಗೆ ಪೂರ್ತಿ ಸೇರಿದ ಮೇಲೆ ಎಐಎಕ್ಸ್ ಕನೆಕ್ಟ್ ಆಯಿತು. 2023ರಲ್ಲಿ ಅದರ ವಿಮಾನಗಳು ಏರ್ ಇಂಡಿಯಾ ಎಕ್ಸ್‌ಪ್ರೆಸ್ ಹೆಸರಿನಲ್ಲಿ ಹಾರತೊಡಗಿದವು, ಆದರೆ ಪರವಾನಗಿ ಬೇರೆ, ಕೋಡ್ ಬೇರೆ. 2024ರ ಅಕ್ಟೋಬರ್ 1ರ ವಿಲೀನದವರೆಗೆ ಒಂದೇ ಬ್ರ್ಯಾಂಡಿನಡಿ ಎರಡು ಸಂಸ್ಥೆಗಳಿದ್ದವು. ಇಂಥದ್ದಕ್ಕೆ ವಿಮಾನಯಾನದ ನಿಯಂತ್ರಕ ಸಂಸ್ಥೆ ಡಿಜಿಸಿಎಯ ಅನುಮತಿ ಬೇಕು, ಮತ್ತು ಸಿಗುತ್ತದೆ ಎನ್ನುವುದು ಇದರಿಂದ ಸಾಬೀತಾಯಿತು. ಅಂದರೆ ನಿಯಮ ಅಡ್ಡಿ ಎನ್ನುವ ನೆಪ ಅಷ್ಟೇನೂ ಗಟ್ಟಿಯಲ್ಲ.

ನಿಜವಾದ ಫೀಡರ್ ಎಂದು ನಮ್ಮಲ್ಲಿ ಕರೆಯಬಹುದಾಗಿದ್ದು ಅಲಯನ್ಸ್ ಏರ್. 1996ರಲ್ಲಿ ಇಂಡಿಯನ್ ಏರ್‌ಲೈನ್ಸ್‌ನ ಅಂಗಸಂಸ್ಥೆಯಾಗಿ ಹುಟ್ಟಿ, ಕೊನೆಕೊನೆಗೆ ಏರ್ ಇಂಡಿಯಾದ ಟಿಕೆಟ್ಟಿನಲ್ಲೇ ಎಟಿಆರ್ ಹಾರಿಸುತ್ತಿತ್ತು. 2022ರ ಜನವರಿಯಲ್ಲಿ ಏರ್ ಇಂಡಿಯಾ ಟಾಟಾ ಪಾಲಾಯಿತು, ಅಲಯನ್ಸ್ ಸರ್ಕಾರದ ಬಳಿ ಉಳಿಯಿತು. ಅದೇ ಏಪ್ರಿಲ್ 15ರಿಂದ ತಮಗೂ ಅದಕ್ಕೂ ಸಂಬಂಧವಿಲ್ಲ, 9I ಇಂದ ಅಥವಾ 9ರಿಂದ ಶುರುವಾಗುವ ನಾಲ್ಕಂಕಿಯ ವಿಮಾನ ಸಂಖ್ಯೆಗಳ ವಿಚಾರಕ್ಕೆ ಅಲಯನ್ಸ್ ಅನ್ನೇ ಕೇಳಿ ಎಂದು ಏರ್ ಇಂಡಿಯಾ ಪ್ರಕಟಿಸಿತು. ದೇಶದ ಎರಡನೇ ದೊಡ್ಡ ಗುಂಪಿನ ಕೈಯಲ್ಲಿ ಅಂದಿನಿಂದ ಸಣ್ಣ ವಿಮಾನವೇ ಇಲ್ಲ. ಮಾರಾಟದ ತರಾತುರಿಯಲ್ಲಿ ಬೇರನ್ನೂ ಕಾಂಡವನ್ನೂ ಬೇರೆ ಬೇರೆ ಹರಾಜಿಗಿಟ್ಟಂತಾಯಿತು ಎಂದೇ ನನ್ನ ಅಭಿಪ್ರಾಯ.

ಇಂಡಿಗೊ ಇನ್ನೊಂದು ದಾರಿ ಹಿಡಿಯಿತು. 2017ರ ಕೊನೆಯಿಂದ ತಾನೇ ಎಟಿಆರ್ ಕೊಂಡು, ತನ್ನದೇ ಪರವಾನಗಿಯಡಿ, ತನ್ನದೇ ಪೈಲಟ್‌ಗಳಿಂದ ಹಾರಿಸುತ್ತಿದೆ. 2023ರ ಆಗಸ್ಟ್ 31ರಂದು ಶಿವಮೊಗ್ಗಕ್ಕೆ ಮೊದಲು ಬಂದಿಳಿದದ್ದು ಅಂಥ ವಿಮಾನವೇ. ಹೊರಗಿನವರ ವಿಮಾನವನ್ನು ಅದು ಬಾಡಿಗೆಗೆ ತರುವುದು ದೊಡ್ಡ ಮಾರ್ಗಗಳಿಗೆ. ಟರ್ಕಿಶ್ ಏರ್‌ಲೈನ್ಸ್‌ನ ಬೋಯಿಂಗ್ 777ಗಳನ್ನು ಸಿಬ್ಬಂದಿ ಸಮೇತ ಇಸ್ತಾಂಬುಲ್‌ಗೆ ಹಾರಿಸಿದ್ದು ಹಾಗೆ. ಅದು ವೆಟ್ ಲೀಸ್, ಕೊರತೆ ತುಂಬುವ ತಾತ್ಕಾಲಿಕ ಏರ್ಪಾಡು. ಫೀಡರ್ ಕರಾರಿನ ಜೊತೆ ಇದನ್ನು ಕಲಸಬಾರದು.

ಇನ್ನುಳಿದವರು ಸ್ವತಂತ್ರರು: ಬೆಳಗಾವಿ, ಕಲಬುರಗಿ, ಬೀದರ್ ಕಡೆಗೆ ಹಾರಿದ ಸ್ಟಾರ್ ಏರ್, 2024ರ ಮಾರ್ಚ್‌ನಲ್ಲಿ ಗೋವಾದಿಂದ ಶುರುವಾದ ಫ್ಲೈ91. ಇಂಥವರ ಬೆನ್ನಿಗಿರುವುದು ಸಣ್ಣ ಊರುಗಳ ಹಾರಾಟಕ್ಕೆ ಸಹಾಯಧನ ಕೊಡುವ ಕೇಂದ್ರದ ಯೋಜನೆ ಉಡಾನ್. ಅರ್ಧದಷ್ಟು ಸೀಟುಗಳನ್ನು ಮಿತಿ ಹಾಕಿದ ದರದಲ್ಲಿ ಮಾರಬೇಕು (ಯೋಜನೆ ಶುರುವಾದಾಗ ಗಂಟೆಯ ಹಾರಾಟಕ್ಕೆ ₹2,500), ಕಡಿಮೆ ಬಿದ್ದ ದುಡ್ಡನ್ನು ಕೇಂದ್ರ ಮತ್ತು ರಾಜ್ಯ 80:20ರ ಪ್ರಮಾಣದಲ್ಲಿ ತುಂಬುತ್ತವೆ, ಮೂರು ವರ್ಷ ಆ ಮಾರ್ಗದಲ್ಲಿ ಬೇರೆಯವರಿಗೆ ಪ್ರವೇಶವಿಲ್ಲ. ಕೇಂದ್ರದ ಪಾಲು ಬರುವುದು ದೊಡ್ಡ ಮಾರ್ಗಗಳ ವಿಮಾನಗಳ ಮೇಲೆ ಹಾಕಿದ ಸುಂಕದಿಂದ. ಬೆಂಗಳೂರು–ದಿಲ್ಲಿ ಪ್ರಯಾಣಿಕ ಬೀದರಿನ ಸೀಟಿಗೆ ಚೂರು ಕೊಡುತ್ತಲೇ ಇದ್ದಾನೆ, ಆದರೆ ಬೀದರಿನವನು ದಿಲ್ಲಿಗೆ ಹೋದಾಗ ಬಂದ ಲಾಭ ಬೀದರಿನ ಮಾರ್ಗಕ್ಕೆ ಮರಳುವುದಿಲ್ಲ.

ಫಲಿತಾಂಶವನ್ನು ಮಹಾಲೇಖಪಾಲರ 2023ರ ವರದಿ ಬರೆದಿಟ್ಟಿದೆ. ಮೂರನೇ ಸುತ್ತಿನವರೆಗೆ ಹಂಚಿದ 774 ಮಾರ್ಗಗಳಲ್ಲಿ 403 ಶುರುವಾಗಲೇ ಇಲ್ಲ. ಶುರುವಾದ 371ರಲ್ಲಿ ಮೂರು ವರ್ಷ ಪೂರೈಸಿದ್ದು 112. ಸಹಾಯಧನ ನಿಂತ ಮೇಲೂ 2023ರ ಮಾರ್ಚ್‌ನಲ್ಲಿ ಹಾರುತ್ತಿದ್ದದ್ದು 54. ನಡುವೆ ಕೋವಿಡ್ ಬಂತು, ನಿಜ. ಹಾಗೆಂದು 7 ಶೇಕಡಾದ ಉಳಿವನ್ನು ಸಾಂಕ್ರಾಮಿಕದ ತಲೆಗೆ ಕಟ್ಟಿ ಸುಮ್ಮನಾಗಲಾಗದು. ಬೀದರಿಗೆ 2020ರ ಫೆಬ್ರುವರಿಯಲ್ಲಿ ಮೊದಲು ಹಾರಿದ ಟ್ರೂಜೆಟ್ 2022ರ ಹೊತ್ತಿಗೆ ತಾನೇ ನೆಲಕ್ಕಿಳಿದಿತ್ತು.

ಫೀಡರ್ ಕರಾರು ಬಂದರೆ ಎಲ್ಲ ಸರಿಹೋಗುತ್ತದೆಯೇ? ಇಲ್ಲ. ಅದರ ರೋಗಗಳೂ ಗೊತ್ತಿರಬೇಕು.

ಮೊದಲನೆಯದು ಜೀವದ ಪ್ರಶ್ನೆ. 2009ರ ಫೆಬ್ರುವರಿ 12ರ ರಾತ್ರಿ ನ್ಯೂಅರ್ಕ್‌ನಿಂದ ಬಫಲೊಗೆ ಹೊರಟ ಕ್ಯೂ400 ವಿಮಾನ ಇಳಿಯುವ ಹೊತ್ತಿನಲ್ಲಿ ವೇಗ ಕಳೆದುಕೊಂಡಿತು. ಪೈಲಟ್ ಕೈಯಲ್ಲಿನ ಹಿಡಿಕೆಯನ್ನೇ ನಡುಗಿಸುವ ಸ್ಟಿಕ್ ಶೇಕರ್ ಎಚ್ಚರಿಸಿದಾಗ ಮೂತಿ ತಗ್ಗಿಸಬೇಕಿತ್ತು. ಕ್ಯಾಪ್ಟನ್ ಹಿಡಿಕೆಯನ್ನು ಹಿಂದಕ್ಕೆ ಎಳೆದರು. ವಿಮಾನದಲ್ಲಿದ್ದ 49 ಮಂದಿ, ನೆಲದ ಮೇಲಿದ್ದ ಒಬ್ಬರು ಸತ್ತರು. ಸಹಪೈಲಟ್ ಹಿಂದಿನ ರಾತ್ರಿಯೆಲ್ಲ ಸಿಯಾಟಲ್‌ನಿಂದ ಸರಕು ವಿಮಾನದಲ್ಲಿ ಕೂತು ಕೆಲಸಕ್ಕೆ ಬಂದವರು. ಟಿಕೆಟ್ಟಿನಲ್ಲಿದ್ದ ಹೆಸರು ಕಾಂಟಿನೆಂಟಲ್, ಹಾರಿಸಿದ್ದು ಕೋಲ್ಗನ್ ಏರ್. ದೊಡ್ಡ ಹೆಸರನ್ನು ನಂಬಿ ಕೂತವರಿಗೆ ಸಿಕ್ಕಿದ್ದು ಬೇರೆ ಕಂಪನಿಯ ತರಬೇತಿ ಮತ್ತು ಬೇರೆ ಕಂಪನಿಯ ಸಂಬಳದ ಪೈಲಟ್. ಮೃತರ ಕುಟುಂಬಗಳು ಬಿಡದೆ ಹೋರಾಡಿದ್ದಕ್ಕೆ 2010ರ ಕಾನೂನು ಬಂತು: ಸಹಪೈಲಟ್ಟಿಗೂ ಸಾಮಾನ್ಯವಾಗಿ 1,500 ಗಂಟೆಯ ಅನುಭವ, ದಣಿವಿನ ಹೊಸ ನಿಯಮ, ಮತ್ತು ಟಿಕೆಟ್ ಹುಡುಕಿದ ಮೊದಲ ಪರದೆಯಲ್ಲೇ ಯಾರು ಹಾರಿಸುತ್ತಾರೆಂದು ತೋರಿಸುವ ಕಡ್ಡಾಯ.

ಎರಡನೆಯದು ಬಲಾಬಲದ ಪ್ರಶ್ನೆ. ಒಬ್ಬನೇ ಗಿರಾಕಿಯ ಮೇಲೆ ಬದುಕುವವನ ಕತೆ ಗಿರಾಕಿ ಕೈಬಿಟ್ಟ ದಿನ ಮುಗಿಯುತ್ತದೆ. 2020ರ ಒಂದೇ ವಸಂತದಲ್ಲಿ ಕಂಪಾಸ್ ಮತ್ತು ಟ್ರಾನ್ಸ್ ಸ್ಟೇಟ್ಸ್ ಎಂಬ ಅಮೆರಿಕದ ಫೀಡರ್‌ಗಳೆರಡೂ ಬಾಗಿಲು ಹಾಕಿದವು. ಅದಕ್ಕೂ ಮೊದಲು ಅಟ್ಲಾಂಟಿಕ್ ಕೋಸ್ಟ್ ಎಂಬ ಫೀಡರ್, ಯುನೈಟೆಡ್‌ನ ಹಂಗು ಬೇಡವೆಂದು 2004ರಲ್ಲಿ ಇಂಡಿಪೆಂಡೆನ್ಸ್ ಏರ್ ಎಂಬ ಸ್ವಂತ ಹೆಸರಿನಲ್ಲಿ ಹಾರಿ ನೋಡಿತು. ಅದೇ 50 ಸೀಟಿನ ಜೆಟ್‌ಗಳು, ಅಗ್ಗದ ದರ. 2006ರ ಜನವರಿಗೆ ಮುಗಿಯಿತು. ಫೀಡರ್ ವಿಮಾನದ ಸೀಟೊಂದರ ಖರ್ಚು ದೊಡ್ಡ ವಿಮಾನದ್ದಕ್ಕಿಂತ ಯಾವಾಗಲೂ ಹೆಚ್ಚು, ಮುಂದಿನ ತುಂಡಿನ ಹಣ ಇಲ್ಲದೆ ಅದು ನಿಲ್ಲುವುದಿಲ್ಲ. ನಮ್ಮ ಸ್ವತಂತ್ರ ಸಣ್ಣ ಸಂಸ್ಥೆಗಳ ಪರಿಸ್ಥಿತಿ ಹುಟ್ಟಿನಿಂದಲೇ ಇದು.

ಪೈಲಟ್‌ಗಳ ವಿಚಾರದಲ್ಲಿ ನಮ್ಮ ಲೆಕ್ಕ ಬೇರೆ. ಇಲ್ಲಿ 200 ಗಂಟೆಯ ಕಮರ್ಷಿಯಲ್ ಲೈಸೆನ್ಸಿನ ಮೇಲೆ ಟೈಪ್ ರೇಟಿಂಗ್ (ಆಯಾ ಮಾದರಿಯ ವಿಮಾನದ ತರಬೇತಿ) ಮಾಡಿಕೊಂಡರೆ ನೇರ ಏರ್‌ಬಸ್‌ನ ಬಲಗಡೆಯ, ಅಂದರೆ ಸಹಪೈಲಟ್ಟಿನ ಸೀಟಿಗೆ ಹೋಗಬಹುದು. ಎಟಿಆರ್‌ನಲ್ಲಿ ಪಳಗಿದ ಕ್ಯಾಪ್ಟನ್ ಕಣ್ಣೂ ಅತ್ತಲೇ. ನೋಟಿಸ್ ಅವಧಿ ಸಹಪೈಲಟ್‌ಗೆ 6 ತಿಂಗಳು, ಕ್ಯಾಪ್ಟನ್‌ಗೆ 12 ತಿಂಗಳು ಎಂದು ಡಿಜಿಸಿಎ ಕಟ್ಟಿಹಾಕಿದ್ದರೂ ಸೋರಿಕೆ ನಿಂತಿಲ್ಲ. ಹತ್ತು ವಿಮಾನದ ಸಂಸ್ಥೆಯಲ್ಲಿ ನಾಲ್ಕು ಕ್ಯಾಪ್ಟನ್‌ಗಳು ಹೋದರೆ ಒಂದು ಊರಿನ ಹಾರಾಟವೇ ಹೋದಂತೆ. ಹಾಗಾಗಿ ಇಲ್ಲಿ ಫೀಡರ್ ಕರಾರು ಬರೆಯುವವರು ಅಗ್ಗದ ಪೈಲಟ್ ಸಿಗುತ್ತಾರೆಂದು ಲೆಕ್ಕ ಹಾಕಕೂಡದು. ಎಟಿಆರ್‌ನಲ್ಲಿ ಇಷ್ಟು ವರ್ಷ ಹಾರಿಸಿದವರಿಗೆ ದೊಡ್ಡ ಸಂಸ್ಥೆಯಲ್ಲಿ ಸೀಟು ಖಾತ್ರಿ ಎಂಬ ಷರತ್ತು ಸೇರಿಸಬೇಕು. ಅಮೆರಿಕದಲ್ಲಿ ಇದು ನಡೆಯುತ್ತಿದೆ.

ಕೆಂಪೇಗೌಡ ನಿಲ್ದಾಣದಲ್ಲಿ ಬೇರೆ ತೊಡಕೂ ಉಂಟು. 2023ರ ಜನವರಿಯಲ್ಲಿ ಎರಡನೇ ಟರ್ಮಿನಲ್‌ನಿಂದ ಮೊದಲು ಹಾರಿದ್ದು ಸ್ಟಾರ್ ಏರ್, ಕಲಬುರಗಿಗೆ. ಅಂತರರಾಷ್ಟ್ರೀಯ ಹಾರಾಟಗಳೂ ಅದೇ ಸೆಪ್ಟೆಂಬರ್‌ನಲ್ಲಿ ಅಲ್ಲಿಗೆ ಬಂದವು. ಇಂಡಿಗೊದ ದೇಶೀ ವಿಮಾನಗಳು ಮಾತ್ರ ಒಂದನೇ ಟರ್ಮಿನಲ್‌ನಲ್ಲಿ. ಹುಬ್ಬಳ್ಳಿಯಿಂದ ಇಂಡಿಗೊದಲ್ಲಿ ಬಂದವರು ವಿದೇಶಕ್ಕೆ ಹೋಗಲು ಟರ್ಮಿನಲ್ ಬದಲಿಸಬೇಕು. ಡಿಸೆಂಬರ್–ಜನವರಿಯ ಬೆಳಗಿನ ಮಂಜಿನಲ್ಲಿ ದೇವನಹಳ್ಳಿಯ ರನ್‌ವೇ ನಿಧಾನವಾದರೆ, ಇರುವ ಕೆಲವೇ ಸರದಿಗಳನ್ನು ಯಾವುದೇ ಸಂಸ್ಥೆ 78 ಜನರ ಎಟಿಆರ್‌ಗೆ ಕೊಡುವ ಮೊದಲು 180 ಜನರ ಏರ್‌ಬಸ್‌ಗೆ ಕೊಡುವುದೇ ಸಹಜ. ಅಮೆರಿಕದಲ್ಲೂ ಹವಾಮಾನ ಕೆಟ್ಟಾಗ ಮೊದಲು ರದ್ದಾಗುವುದು ಫೀಡರ್‌ಗಳೇ. ಕರಾರಿನಲ್ಲಿ ರದ್ದತಿಯ ನಿರ್ಧಾರ ಯಾರದು, ಅದರ ದಂಡ ಯಾರಿಗೆ ಎಂದು ಬಿಡಿಸಿ ಬರೆಯದಿದ್ದರೆ ಎರಡೂ ಕಡೆಯವರು ಪ್ರಯಾಣಿಕನನ್ನು ಇನ್ನೊಬ್ಬರ ಕೌಂಟರಿಗೆ ಕಳಿಸುತ್ತಾರೆ.

ಪ್ರಯಾಣಿಕ ಈಗಲೇ ನೋಡಿಕೊಳ್ಳಬೇಕಾದ್ದು ಪಿಎನ್‌ಆರ್. ಎರಡೂ ತುಂಡು ಒಂದೇ ಪಿಎನ್‌ಆರ್‌ನಲ್ಲಿದ್ದರೆ ಮೊದಲ ವಿಮಾನ ತಡವಾಗಿ ಮುಂದಿನದು ತಪ್ಪಿದಾಗ ಬೇರೆ ವಿಮಾನ ಹತ್ತಿಸುವ ಹೊಣೆ ಸಂಸ್ಥೆಯದು, ಹೋಗುವಾಗ ಚೀಲಕ್ಕೂ ಸಾಮಾನ್ಯವಾಗಿ ಕೊನೆಯ ಊರಿನ ಟ್ಯಾಗು ಬೀಳುತ್ತದೆ. ಅಗ್ಗಕ್ಕೆಂದು ಎರಡು ಟಿಕೆಟ್ ಬೇರೆ ಬೇರೆ ಕೊಂಡರೆ ಎರಡನೆಯದರ ದೃಷ್ಟಿಯಲ್ಲಿ ನೀವು ಬಾರದ ಪ್ರಯಾಣಿಕ, ದುಡ್ಡೂ ಹೋಯಿತು. ವಿಮಾನ ಸಂಖ್ಯೆಯ ಕೆಳಗೆ ಸಣ್ಣ ಅಕ್ಷರದಲ್ಲಿರುವ 'ಆಪರೇಟೆಡ್ ಬೈ' ಸಾಲನ್ನು ಓದಿ. ಚೆಕ್-ಇನ್ ಕೌಂಟರ್ ಮತ್ತು ಟರ್ಮಿನಲ್ ಅವರದ್ದು. ಮುನ್ಸೂಚನೆಯಿಲ್ಲದೆ ರದ್ದಾದರೆ ಡಿಜಿಸಿಎ ನಿಯಮದ ಪರಿಹಾರವನ್ನೂ ಹಾರಿಸುವವರಿಂದ ಕೇಳಬೇಕು: ಒಂದು ಗಂಟೆಯೊಳಗಿನ ಹಾರಾಟಕ್ಕೆ ₹5,000, ಎರಡು ಗಂಟೆಯವರೆಗೆ ₹7,500, ಅದಕ್ಕೂ ಮೇಲೆ ₹10,000, ಮೂಲದರ ಮತ್ತು ಇಂಧನ ಶುಲ್ಕದ ಮೊತ್ತ ಇದಕ್ಕಿಂತ ಕಡಿಮೆಯಿದ್ದರೆ ಅಷ್ಟೇ. ಮಂಜು ಮಳೆಯ ಕಾರಣಕ್ಕಾದರೆ ಈ ಪರಿಹಾರ ಇಲ್ಲ, ಟಿಕೆಟ್ ಹಣ ವಾಪಸ್ ಅಥವಾ ಬೇರೆ ವಿಮಾನ ಮಾತ್ರ. ಉತ್ತರ ಬಾರದಿದ್ದರೆ ಸರ್ಕಾರದ ದೂರು ಜಾಲತಾಣ ಏರ್‌ಸೇವಾದಲ್ಲಿ ದೂರು ದಾಖಲಿಸುವಾಗಲೂ ಬರೆಯಬೇಕಾದ್ದು ಬಾಲದ ಮೇಲಿನ ಹೆಸರನ್ನಲ್ಲ, ಆ ಸಣ್ಣ ಅಕ್ಷರದ ಹೆಸರನ್ನು.